ಡ್ಯೂಟಿ ಮುಗಿಯುವ ತನಕ

ಮನೆಯಿಂದ ಕೆಲಸ ಮಾಡುವವರ ಬಾಗಿಲಿಗೆ ಕಂಪನಿ ಹಾಕಿದ ಬೀಗ ಡ್ಯೂಟಿ ಮುಗಿಯುವ ತನಕ ತೆರೆಯುತ್ತಿರಲಿಲ್ಲ. ತುರ್ತಾದರೆ ತೆರೆಯುವ ಗುಂಡಿ ಮೇಲ್ವಿಚಾರಕರ ಬಳಿ ಇರುತ್ತಿತ್ತು. ಅದು ದಿನಕ್ಕೊಂದೇ ಸಲ ನಡೆಯುತ್ತಿತ್ತು. ಹುಬ್ಬಳ್ಳಿಯ ತನ್ನ ಮನೆಯಲ್ಲಿ ಕುಳಿತಿದ್ದ ಮೇಲ್ವಿಚಾರಕಿ ವನಮಾಲಾ ಅಂದು ಬೆಳಿಗ್ಗೆಯೇ ಅದನ್ನು ಒತ್ತಿಬಿಟ್ಟಿದ್ದಳು, ಯಾರಿಗೋ ಗ್ಯಾಸ್ ಸಿಲಿಂಡರ್ ಒಳಗೆ ತೆಗೆದುಕೊಳ್ಳಲಿಕ್ಕೆ.

ಮಧ್ಯಾಹ್ನ ಅವಳ ಕೈಕೆಳಗಿನ ಬಸಲಿಂಗನ ಮುಖ ಪರದೆಯ ಮೇಲೆ ಬಂತು.

“ಮೇಡಂ, ಬಾಗ್ಲಾ ತಗೀರಿ. ಸಂತಿಗೆ ಹೋದ ಅವ್ವ ಬಂದು ಹೊರಗ ಬಿದ್ದಾಳ್ರಿ. ನನ್ನ ಹೆಸರು ಹಿಡದು ಕರಿಯಾಕತ್ತಾಳ. ಆಂಬುಲೆನ್ಸ್ ಬರಾಕ ತಡಾ ಐತಂತ.”

“ಬಾಜೂ ಮನಿಯವರನ್ನ ಕೂಗಿ ನೋಡಪಾ.”

“ಅವರೂ ಡ್ಯೂಟಿ ಮ್ಯಾಗ ಅದಾರ್ರಿ.”

ವನಮಾಲಾ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದಳು. ಮೇಲಧಿಕಾರಿಗೆ ಫೋನ್ ಮಾಡಿ ಬೇಡಿಕೊಂಡಳು. “ನನ್ನ ಗುಂಡೀನೂ ಇವತ್ತಿಂದು ಮುಗದೈತ್ರಿ, ವನಮಾಲಾ,” ಎಂದು ಆತ ಮೆಲ್ಲಗೆ ಹೇಳಿದ.

ಬಸಲಿಂಗನ ಮನೆ ಹಿಂದಿನ ಓಣಿಯಲ್ಲೇ ಇತ್ತು. ಓಡಿಹೋಗೋಣವೆಂದು ಎದ್ದವಳು ತನ್ನ ಬಾಗಿಲಿನ ಹಿಡಿಕೆಯನ್ನು ಭುಜ ನೋಯುವಷ್ಟು ಜಗ್ಗಿದಳು. ಅದು ಅಲುಗಲಿಲ್ಲ.

ಪರದೆಯ ಮುಂದೆ ತಿರುಗಿ ಬಂದಾಗ ಬಸಲಿಂಗ ತನ್ನ ಕುರ್ಚಿಯಲ್ಲಿ ಕೂತಿದ್ದ.

“ಅವ್ವ ಹ್ಯಾಂಗದಾಳ?” ಎಂದು ಕೇಳಿದಳು.

“ಕರಿಯೂದು ನಿಂತೈತ್ರಿ,” ಎಂದ. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, “ಮುಂದಿನ ಕೆಲಸ ಕಳಿಸ್ರಿ, ಮೇಡಂ,” ಎಂದ.

ವನಮಾಲಾ ಕಳಿಸಿದಳು.