ಎರಡು ವಾಕ್ಯಗಳ ನಡುವೆ

“ಈ ‘ಬಟ್’ ಅಂದ್ರ ಏನ್ರಿ, ಸರ?”

ಪಾಲಕರ ಸಭೆಗೆಂದು ಶಿಗ್ಲಿಯಿಂದ ಬಂದಿದ್ದ ದುರಗವ್ವ ಕೇಳಿದಳು. ಇಂಗ್ಲಿಷ್ ಮಾಸ್ತರ ಫಕೀರೇಶ ಅವಳ ಮಗಳ ನೋಟ್‌ಬುಕ್ ಓದಿ ಅರ್ಥ ಹೇಳುತ್ತಿದ್ದ. ವಾಕ್ಯ ಜೋಡಿಸುವ ಅಭ್ಯಾಸಕ್ಕೆ ನೇತ್ರಾ ಮನೆಯ ಮಾತನ್ನೇ ಬರೆದಿದ್ದಳು: ಅವ್ವ ಶಾಲೆ ಕಲಿಯಲಿಲ್ಲ, ಬಟ್ ನಾನು ಕಲಿಯುತ್ತಿದ್ದೇನೆ. ಅದನ್ನು ಅವ್ವನೆದುರೇ ಓದಿಬಿಟ್ಟರಲ್ಲ ಎಂದು ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

“‘ಆದರೆ’ ಅಂತರಿ. ವಾಕ್ಯ ಬರೋಬ್ಬರಿ ಐತಿ,” ಎಂದ ಫಕೀರೇಶ.

ದುರಗವ್ವ ಆ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಿಟ್ಟಳು. “ಆದ್ರ ಅಲ್ರಿ, ಸರ. ನಾ ಕಲೀಲಿಲ್ಲ, ಅದಕ್ಕ ಇಕಿ ಕಲಿಯಾಕತ್ತಾಳ.”

ಹನ್ನೆರಡು ವರ್ಷ ಇದೇ ಪಾಠ ಹೇಳಿದ್ದ ಫಕೀರೇಶ ತನ್ನ ಕೆಂಪು ಪೆನ್ನನ್ನು ನೇತ್ರಾಳ ಕೈಗಿತ್ತ. ಅವಳು ‘ಬಟ್’ ಹೊಡೆದುಹಾಕಿ, ಮೇಲೆ ‘ಸೋ’ ಎಂದು ಬರೆದು, ಅವ್ವನ ಮಗ್ಗುಲಿಗೆ ಬಂದು ನಿಂತಳು.