ಬೇರಿನ ಮೇಲಿನ ಚೊಂಬು

ಪಿಳ್ಳಪ್ಪ ಚೊಂಬಿನ ಅಂಚಿನವರೆಗೂ ನೀರು ತುಂಬಿ, ಗುಲ್‌ಮೊಹರ್ ಮರದ ಬುಡದಲ್ಲಿ ಉಬ್ಬಿದ್ದ ಬೇರಿನ ಮೇಲೆ ಮೆಲ್ಲಗೆ ಇಟ್ಟ.

"ಏನಜ್ಜ, ಮರಕ್ಕೆ ಪೂಜೇನಾ?" ರೇಣವ್ವ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತ ಕೇಳಿದಳು. ತಿಲಕ್ ನಗರದ ಆ ಅಡ್ಡರಸ್ತೆಯಲ್ಲಿ ಅವಳ ತಳ್ಳುಗಾಡಿ ಹದಿನೆಂಟು ವರ್ಷದಿಂದ ಆ ಮರದ ಕೆಳಗೇ ಇತ್ತು. ಎದುರಿನ ಮೂರು ಮನೆಗಳ ಕೈತೋಟ ನೋಡಿಕೊಳ್ಳುವ ಪಿಳ್ಳಪ್ಪನೂ ಮಧ್ಯಾಹ್ನದ ಬುತ್ತಿ ಬಿಚ್ಚುವುದು ಅದೇ ನೆರಳಲ್ಲಿ.

"ಪೂಜೆ ಅಲ್ಲ ಕಣವ್ವ. ಗಾಡಿ ಆಚೆಗೆ ತಳ್ಕೋ ಅಂತ ಬೆಳಗ್ಗೆಯಿಂದ ಬಡ್ಕೋತಿದೀನಿ."

ಬೇಸಿಗೆ ಬಂತೆಂದರೆ ಗಿಡಮರಗಳ ಬುಡಕ್ಕೆ ತರಗೆಲೆ ಹಾಸಿ ತೇವ ಕಾಯುವುದು ಅವನ ರೂಢಿ. ಅಂದು ಬೆಳಗ್ಗೆ ಹಾಗೆ ಹಾಸಲು ಬಗ್ಗಿದಾಗಲೇ ಕಂಡಿದ್ದು, ಮಣ್ಣಿನಲ್ಲಿ ಅರ್ಧಚಂದ್ರದಂತೆ ಒಂದು ಬಿರುಕು. ತೋರುಬೆರಳು ಪೂರ್ತಿ ಇಳಿಯಿತು. ಎರಡು ತಿಂಗಳ ಹಿಂದೆ ಯಾರೋ ಕೇಬಲ್ ಹಾಕಲು ಅಗೆದು, ಆ ಕಡೆಯ ಬೇರುಗಳನ್ನೆಲ್ಲ ಕತ್ತರಿಸಿ ಹೋಗಿದ್ದರು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಬುಡ ಬಿಟ್ಟು ಗೋಡೆ ಹತ್ತುತ್ತಿದ್ದವು. ಎದುರುಮನೆಯವರಿಂದ ಪಾಲಿಕೆ ಆಫೀಸಿಗೆ ಫೋನ್ ಮಾಡಿಸಿದ. ಬಂದು ನೋಡ್ತೀವಿ ಅಂದರಂತೆ. ಆಗ ಒಂಬತ್ತು ಗಂಟೆ. ಈಗ ಮೂರಾಗಿತ್ತು.

"ಆಚೆ ಅಂದ್ರೆ ಎಲ್ಲಿಗೆ? ಆ ಬಿಸಿಲಲ್ಲಿ ನಿಂತ್ರೆ ಬಟ್ಟೆಗಿಂತ ಮುಂಚೆ ನಾನೇ ಇಸ್ತ್ರಿ ಆಗ್ಹೋಗ್ತೀನಿ."

"ಇವತ್ತು ಭರಣಿ ಹುಟ್ಟುತ್ತೆ, ರೇಣವ್ವ."

"ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತ ನೀವೇ ತಾನೆ ಹೇಳೋದು? ಬರ್ಲಿ ಬಿಡಿ, ತಂಪಾಗುತ್ತೆ."

"ಮಳೆ ವಿಷಯ ಎಲ್ಲಾರೂ ಹೇಳ್ತಾರೆ. ಅದಕ್ಕೆ ಮುಂಚೆ ಬರೋ ಗಾಳಿ ವಿಷಯ ಯಾರೂ ಹೇಳಲ್ಲ. ಒಂದು ಗಳಿಗೆ ಆ ನೀರು ನೋಡು, ಬುಡ ಅಲ್ಲಾಡ್ತಿದ್ರೆ ಅದೇ ಹೇಳುತ್ತೆ."

ತೆಂಕಣ ದಿಕ್ಕಿಗೆ ಮೋಡ ಕಪ್ಪಿಟ್ಟಿತ್ತು. ಮೇಲೆ ಕೊಂಬೆಗಳು ಸರ್ರನೆ ತೂಗಿದವು. ಚೊಂಬಿನ ನೀರು ಒಮ್ಮೆ ನಡುಗಿ, ಅಂಚು ದಾಟಿ ಬೇರಿನ ಮೇಲೆ ಹರಿಯಿತು. ನೆಲ ಅದುರುವುದಕ್ಕೆ ರಸ್ತೆಯಲ್ಲಿ ಒಂದು ಸೈಕಲ್ಲೂ ಹೋಗಿರಲಿಲ್ಲ.

"ತುಂಬಿದ ಕೊಡ ತುಳುಕಲ್ಲ ಅಂತಾರೆ," ಎಂದಳು ರೇಣವ್ವ. ಈಗ ದನಿಯಲ್ಲಿ ನಗೆಯಿರಲಿಲ್ಲ. ಬಾಟಲಿಯಿಂದ ತಾನೇ ನೀರು ಸುರಿದು ಚೊಂಬು ತುಂಬಿದಳು. ಮತ್ತೊಂದು ಗಾಳಿಗೆ ಚೊಂಬು ವಾಲಿ ಕೆಳಗೆ ಬಿತ್ತು. ಅವಳು ಚಪ್ಪಲಿ ಬಿಟ್ಟು ಬೇರಿನ ಮೇಲೆ ಪಾದ ಊರಿದಳು. ಅಡಿಯಲ್ಲಿ ಬೇರು ಮಿಸುಕಿತು; ಕೆಂಡ ತುಳಿದವಳಂತೆ ಹಿಂದಕ್ಕೆ ತೆಗೆದಳು.

ಚಕ್ರಕ್ಕೆ ಕೊಟ್ಟಿದ್ದ ಕಲ್ಲು ಸರಿಸಿ, ಇಬ್ಬರೂ ಸೇರಿ ಗಾಡಿಯನ್ನು ತಳ್ಳಿದರು. ಬಟ್ಟೆಗಂಟು ಎರಡು ಸಲ ಜಾರಿತು. ಐವತ್ತು ಹೆಜ್ಜೆ ದೂರದ ಕಾಂಪೌಂಡ್ ಗೋಡೆ ಮುಟ್ಟುವಷ್ಟರಲ್ಲಿ ಪಿಳ್ಳಪ್ಪನಿಗೆ ಉಸಿರು ಕಟ್ಟಿತ್ತು. ಮೋಡ ಇನ್ನೂ ಮೇಲೆ ಬಂದಿರಲಿಲ್ಲ, ಅಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಆದರೂ ಬೆಳಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಗಿ, ಗೋಡೆಗೊರಗಿ ಕೂತ.

"ಅಜ್ಜ, ಅಲ್ನೋಡಿ," ಎಂದಳು ರೇಣವ್ವ.

ಬಿಟ್ಟು ಬಂದ ನೆರಳಿಗೆ ಆಗಲೇ ಒಂದು ಆಟೋ ಬಂದು ನಿಂತಿತ್ತು. ಡ್ರೈವರ್ ಹಿಂದಿನ ಸೀಟಿನಲ್ಲಿ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ್ದ. ಪಕ್ಕದಲ್ಲಿ ಕಲ್ಲಂಗಡಿ ಗಾಡಿಯವನು ರೇಣವ್ವನ ಕಲ್ಲನ್ನೇ ತನ್ನ ಚಕ್ರಕ್ಕೆ ಕೊಡುತ್ತಿದ್ದ.

"ಅಣ್ಣಾ, ಅಲ್ಲಿ ನಿಲ್ಬೇಡಿ, ಗಾಡಿ ತೆಗೀರಿ," ರೇಣವ್ವ ಕೂಗುತ್ತ ಓಡಿದಳು. ಪಿಳ್ಳಪ್ಪ ಗೋಡೆ ಹಿಡಿದು ಎದ್ದ.

ಕಲ್ಲಂಗಡಿಯವನು ತಲೆಯೆತ್ತಿ ನಕ್ಕ. "ಏನಕ್ಕ, ಬಿಟ್ಟು ಹೋದ್ಮೇಲೂ ಜಾಗ ನಿಂದೇನಾ?"

ಅವನ ಕಾಲ ಬಳಿ, ಯಾರೂ ಮುಟ್ಟದ ಚೊಂಬು ತಾನಾಗಿಯೇ ಉರುಳತೊಡಗಿತ್ತು.