ಮಣ್ಣು ಕೊಟ್ಟವನ ಜಾಮೀನು

"ನನ್ನ ಮಗಳನ್ನ ತಿಂದವನ್ನ ಬಿಟ್ಟ ಬಿಟ್ರಂತಲ್ರಿ! ನಿಮ್ಮ ಮನ್ಯಾಗ ಹೆಣ್ಣಮಕ್ಕಳಿಲ್ಲೇನು?"

ರೋಣದ ಕೋರ್ಟಿನ ಅಂಗಳದಲ್ಲಿ ತಿಪ್ಪವ್ವ ವಕೀಲೆ ರಾಜೇಶ್ವರಿಯ ಕರಿ ಕೋಟಿನ ತೋಳನ್ನೇ ಹಿಡಿದು ನಿಲ್ಲಿಸಿದಳು. ಮಗಳು ಪೂಜಾ ರಾಜೂರ ರಸ್ತೆಯಲ್ಲಿ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಸತ್ತು ಹದಿನಾರು ದಿನವಾಗಿತ್ತು. ಮಣ್ಣಾದ ಮರುದಿನ ಡ್ರೈವರ್ ಖಾದರ ತಾನೇ ಹೊಡೆದೆನೆಂದು ಹೇಳಿ ಜೈಲಿಗೆ ಹೋಗಿದ್ದ. ಅವನಿಗೆ ಜಾಮೀನು ಆಗಿದೆ, ಜಡ್ಜರ ಮುಂದೆ ಅತ್ತು ತಡೆ ಎಂದು ಟ್ರ್ಯಾಕ್ಟರಿನ ಮಾಲೀಕ ಗುರುಸಂಗಪ್ಪನೇ ಅವಳನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಪರಿಹಾರದ ಅರ್ಜಿಗೂ ಬೇಕಾಗುತ್ತವೆ ಎಂದು ಅವಳ ಹೊಲದ ಪಹಣಿ ಉತಾರ, ಆಧಾರ್ ಕಾರ್ಡು, ಫೋಟೊಗಳನ್ನು ಚೀಲದಲ್ಲಿ ಹಾಕಿಸಿದ್ದ.

"ತೋಳ ಬಿಡ್ರಿ ಅಮ್ಮಾ, ಹೇಳತೇನಿ," ಎಂದಳು ಖಾದರನ ಪರ ನಿಂತಿದ್ದ ರಾಜೇಶ್ವರಿ. "ಜಾಮೀನು ಅಂದ್ರ ಕೇಸು ಮುಗೀತು ಅಂತಲ್ಲ. ಸಾಕ್ಷಿ ಆಗಬೇಕು, ತೀರ್ಪು ಬರಬೇಕು. ತಪ್ಪು ಅಂವಂದ ಅಂತಾದ್ರ ಶಿಕ್ಷಾ ಆಗೇ ಆಗತೈತಿ. ಅಲ್ಲೀತನಕ ಕರದಾಗ ಬರತೇನಿ ಅಂತ ಅಂವ ಮುಚ್ಚಳಿಕೆ ಬರಕೊಡಬೇಕು. ಅಂವನ್ನ ತಾರೀಖಿಗೆ ಕರಕೊಂಡು ಬರೂ ಹೊಣಿ ನಂದು ಅಂತ ಉತಾರ ಇದ್ದವರೊಬ್ಬರು ಸಹಿ ಮಾಡಬೇಕು. ಅವರಿಗೇ ಜಾಮೀನುದಾರರು ಅಂತಾರ. ಅಂಥವರು ಸಿಗಲಾರದಕ್ಕ ಆದೇಶ ಆಗಿ ಹನ್ನೊಂದು ದಿನ ಆದ್ರೂ ಅಂವ ಇನ್ನೂ ಒಳಗ ಅದಾನ."

ತಿಪ್ಪವ್ವನ ಕೈ ಸಡಿಲಾಯಿತು. "ಸಾವ್ಕಾರ್ರದು ಆರು ಕೂರಿಗಿ ಹೊಲ ಐತಲ್ರಿ. ಹತ್ತ ವರ್ಷ ಅವರಲ್ಲೇ ದುಡದಾನ. ಅವರ್ಯಾಕ ಸಹಿ ಮಾಡಲಿಲ್ಲ?"

ಗೋಡೆಗೆ ಆತು ಕುಳಿತಿದ್ದ ಖಾದರನ ತಾಯಿ ರಸೂಲಬಿ ಎದ್ದು ಬಂದಳು. "ನಾಲ್ಕ ಸಲ ಅವರ ಮನಿ ಕಟ್ಟಿಗೆ ಹೋಗಿ ಸೆರಗ ಒಡ್ಡಿದೆ, ಯಕ್ಕಾ. 'ನಾನ ಹೊಡದೆ ಅಂತ ಹೇಳು, ಎರಡ ದಿನದಾಗ ಜಾಮೀನ ಆಗಿ ಬಿಡಿಸ್ಕೊಂಡ ಬರತೇನಿ' ಅಂತ ನನ್ನ ಮಗಗ ಮಾತ ಕೊಟ್ಟಿದ್ರು. ಈಗ ನಮ್ಮ ಮನೆತನದಾಗ ಕೋರ್ಟಿಗೆ ಉತಾರ ಕೊಟ್ಟ ರೂಢಿ ಇಲ್ಲ ಅಂತಾರ. ಅಲ್ಲಾನ ಆಣಿ, ಅವತ್ತ ನನ್ನ ಮಗ ಟ್ರ್ಯಾಕ್ಟರ್ ಹತ್ತಿದ್ದಿಲ್ಲ. ಕಣದಾಗ ಚೀಲ ಹೊಲಿಯಾಕತ್ತಿದ್ದ."

"ಹೆತ್ತಾಕಿ ನೀನು. ಹಿಂಗಲ್ಲದ ಮತ್ತ ಹ್ಯಾಂಗ ಹೇಳತಿ?" ಎಂದು ತಿಪ್ಪವ್ವ ಮುಖ ತಿರುಗಿಸಿದಳು.

ಅಷ್ಟರಲ್ಲಿ ಗುರುಸಂಗಪ್ಪ ಮೊಬೈಲನ್ನು ಕಿಸೆಗೆ ಹಾಕಿಕೊಳ್ಳುತ್ತ ಬಂದ. ಹಣೆಯ ಮೇಲಿನ ವಿಭೂತಿ ಬೆವರಿಗೆ ಕರಗಿತ್ತು. "ಇವರ ಕೂಡ ಏನ ಮಾತು ತಿಪ್ಪವ್ವಾ? ಲಗೂನ ಒಳಗ ನಡಿ, ನಾ ಹೇಳಿದಂಗ ಅಳು. ಅಂವ ಜೈಲಿನ್ಯಾಗ ಇದ್ರ ನಿನಗೂ ಸಮಾಧಾನ, ನಮಗೂ ಸಮಾಧಾನ."

"ನಿಮಗ ಯಾತರ ಸಮಾಧಾನ್ರಿ?"

ಗುರುಸಂಗಪ್ಪ ತಡವರಿಸಿದ. "ಅಲ್ಲಾ... ಊರಿಗೆ ಅಂತ ಅಂದೆ."

"ನಿಮ್ಮ ಮಗ ಸಣ್ಣ ಸಾವ್ಕಾರ್ರು ಎಲ್ಲಿ ಅದಾರ? ಆವತ್ತಿನಿಂದ ಊರಾಗ ಕಂಡಿಲ್ಲ."

"ಸಂಗನಬಸವ ಶ್ರೀಶೈಲಕ್ಕ ಹೋಗ್ಯಾನ. ಮಲ್ಲಯ್ಯಗ ಬೇಡಿಕೊಂಡಿದ್ದ."

ತಿಪ್ಪವ್ವನ ಕಣ್ಣ ಮುಂದೆ ಮಗಳನ್ನು ಹೂಳಿದ ಕುಣಿ ಬಂದು ನಿಂತಿತು. ಮಣ್ಣಿಗೆ ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಕೊಡುವುದು ಅವರ ಪದ್ಧತಿ. ಸಾವಿಗೆ ಕಾರಣನಾದವನು ಮಾತ್ರ ಆ ಮಣ್ಣು ಮುಟ್ಟಬಾರದು. ಮುಟ್ಟಿದರೆ ಸತ್ತವರ ಎದೆಯ ಮೇಲೆ ಅದು ಕಲ್ಲಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಖಾದರ ಅಳುತ್ತ ಬಂದು ಮೂರು ಹಿಡಿ ಕೊಟ್ಟಿದ್ದ. ಸಂಗನಬಸವ ದೂರದ ಬದುವಿನ ಮೇಲೆ ಕೈ ಹಿಂದೆ ಕಟ್ಟಿ ನಿಂತಿದ್ದ. "ಬಾ ತಮ್ಮಾ, ಮಣ್ಣ ಕೊಡು" ಎಂದು ಹಿರಿಯರು ಎರಡು ಸಲ ಕರೆದರೂ ಇಳಿದು ಬರಲಿಲ್ಲ. ದೊಡ್ಡವರ ಮಗ, ಬಡವರ ಮಣ್ಣು ಕೈಗೆ ಹತ್ತಬಾರದೆಂದು ನಿಂತಿದ್ದಾನೆ ಎಂದು ಆಗ ಅವಳು ಅಂದುಕೊಂಡಿದ್ದಳು. ಶಿವನೇ, ಕಣ್ಣಿದ್ದೂ ಕಾಣದೆ ಹೋಯಿತು!

"ನನ್ನ ಮಗಳಿಗೆ ಖಾದರ ಮಣ್ಣ ಕೊಟ್ಟಾನ್ರಿ ಸಾವ್ಕಾರ್ರ," ಎಂದಳು.

"ಕೊಟ್ರ ಏನಾತು? ಸಾಬರಾಂವ. ನಮ್ಮ ಪದ್ಧತಿ ಅವಗೇನ ಗೊತ್ತು?"

"ಅವಗ ಗೊತ್ತಿರಲಿಕ್ಕಿಲ್ಲ. ನಿಮ್ಮ ಮಗಗ ಗೊತ್ತಿತ್ತಲ್ಲ!"

ಅಂಗಳದಲ್ಲಿದ್ದವರೆಲ್ಲ ಇತ್ತ ತಿರುಗಿದರು.

"ನನ್ನ ಮಗಳನ್ನ ನಿಮ್ಮ ಟ್ರ್ಯಾಕ್ಟರ್ ಒಮ್ಮೆ ಕೊಂದಿತು. ನನ್ನ ಕಣ್ಣೀರಿಲೆ ಇನ್ನೊಬ್ಬಾಕಿ ಮಗನ್ನ ಕೊಲ್ಲಿಸಾಕ ಕಾರಿನ್ಯಾಗ ಕುಂದರಿಸಿಕೊಂಡ ಬಂದ್ರೇನು? ಆ ವಿಭೂತಿ ಒರಸ್ಕೋರಿ ಮೊದಲ!" ಎಂದು ತಿಪ್ಪವ್ವ ಚೀಲವನ್ನು ರಾಜೇಶ್ವರಿಯ ಕೈಗೆ ನೂಕಿದಳು. "ಇದರಾಗ ಅಸೂಟಿ ಊರಾಗಿನ ನನ್ನ ಹೊಲದ ಉತಾರ ಐತ್ರಿ. ಒಂದೂವರಿ ಎಕರೆ. ಸಾಕಾಗತೈತೇನು? ಅಂವ ಹೊರಗ ಬರಲಿ. ಬಂದು ಟ್ರ್ಯಾಕ್ಟರ್ ಮ್ಯಾಗ ಯಾರಿದ್ರು ಅಂತ ಜಡ್ಜರ ಮುಂದ ಹೇಳಲಿ."

ರಾಜೇಶ್ವರಿ ಚೀಲದಿಂದ ಉತಾರ ತೆಗೆದು ನೋಡಿದಳು. "ಸತ್ತಾಕಿ ತಾಯಿ ಜಾಮೀನ ಆಗಬಾರದು ಅಂತ ಕಾನೂನಿನ್ಯಾಗ ಎಲ್ಲೂ ಇಲ್ಲ. ಆದ್ರ ಅಮ್ಮಾ, ಅಂವ ತಪ್ಪಿಸಿಕೊಂಡು ಹ್ವಾದ್ರ ದಂಡ ನಿಮ್ಮ ಮ್ಯಾಗ ಬರತೈತಿ. ಹೊಲಕ್ಕೂ ಬರಬಹುದು."

"ಹೊಲ ಉಣ್ಣೂ ಮಗಳ ಹ್ವಾದಳು. ನಡೀರಿ ಒಳಗ."

ರಸೂಲಬಿ ಕಾಲು ಹಿಡಿಯಲು ಬಾಗಿದಳು. ತಿಪ್ಪವ್ವ ಅವಳನ್ನು ರಟ್ಟೆ ಹಿಡಿದು ಎಬ್ಬಿಸಿ, ಬಿಡದೆ ಜೊತೆಗೇ ಕರೆದುಕೊಂಡು ಹೋದಳು.

ಜಡ್ಜರು ಕಾಗದಗಳನ್ನು ಎರಡು ಸಲ ನೋಡಿದರು. ಕನ್ನಡಕ ತೆಗೆದು ಕೇಳಿದರು: "ಆರೋಪಿಯನ್ನು ನೀವು ಬಲ್ಲಿರಾ?"

"ಬಲ್ಲೇನ್ರಿ. ನನ್ನ ಮಗಳಿಗೆ ಮೂರ ಹಿಡಿ ಮಣ್ಣ ಕೊಟ್ಟಾನ."

"ಅವನು ತಾರೀಖಿಗೆ ಬಾರದೆ ಹೋದರೆ?"

ತಿಪ್ಪವ್ವ ಹಿಂದೆ ತಿರುಗಿದಳು. ಬಾಗಿಲಲ್ಲಿ ಗುರುಸಂಗಪ್ಪ ನಿಂತಿದ್ದ. ಅವನ ಮೇಲಿನ ಕಣ್ಣು ಕೀಳದೆ ಹೇಳಿದಳು:

"ಅಂವ ಬರತಾನ್ರಿ ಸಾಹೇಬ್ರ. ಮಣ್ಣ ಕೊಡಲಾರದ ನಿಂತವಗ ಯಾರ ಜಾಮೀನ ಆಗತಾರ, ಅದನ್ನ ಕೇಳ್ರಿ."